ಹಡಗಿನವರ ಲೆಕ್ಕದಲ್ಲಿ ಗೋಕಾಕದ ಒಂದು ಹಗಲು

ಮಳೆಗಾಲ ಕಳೆದು ಕಡಲು ಶಾಂತವಾಯಿತೆಂದರೆ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿ ಹಡಗುಗಳು ಬರತೊಡಗುತ್ತವೆ. ಕೊರೊನಾದಿಂದ ನಿಂತಿದ್ದ ಈ ಹಡಗುಗಳು 2022ರ ನವೆಂಬರಿನಲ್ಲಿ ಮತ್ತೆ ಶುರುವಾದವು. ಬೆಳಿಗ್ಗೆ ಇಳಿದವರು ಬಸ್ ಹತ್ತಿ ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಮಂಗಳೂರಿನ ಮಾರುಕಟ್ಟೆ ಹೀಗೆ ಎರಡು ಮೂರು ಕಡೆ ಹೋಗಿ, ಹೇಳಿದ ಹೊತ್ತಿಗೆ ಬಂದರಿಗೆ ವಾಪಸ್. ತಡವಾದರೆ ಹಡಗು ಕಾಯುತ್ತಾ ನಿಲ್ಲುವುದಿಲ್ಲ. ಹಾಗಾಗಿ ಅವರು ಕಡಿಮೆ ಜಾಗ ಆರಿಸುತ್ತಾರೆ, ಕರೆದುಕೊಂಡು ಹೋದವರ ಮಾತು ಕೇಳುತ್ತಾರೆ.

ನಮ್ಮವರ ಟೂರ್ ಹೇಗೆ? ಒಂದು ದಿನಕ್ಕೆ ಹತ್ತು ಊರು. ಸುಬ್‌ಹಿಗೆ ಹೊರಟರೆ ಅರ್ಧ ದಿನ ವ್ಯಾನಿನಲ್ಲೇ, ಉಳಿದದ್ದು ಹೋಟೆಲಿನಲ್ಲಿ. ಮನೆಗೆ ಬಂದ ಮೇಲೆ ಯಾವ ಫೋಟೊ ಯಾವ ಊರಿನದ್ದೆಂದೇ ನೆನಪಿಲ್ಲ!

ಕಳೆದ ಸೆಪ್ಟೆಂಬರಿನಲ್ಲಿ ವಿಜಯಪುರದ ಗೋಲ್ ಗುಂಬಜ್ ನೋಡಲು ಮನೆಮಂದಿಯೆಲ್ಲ ಹೊರಟಾಗ, ಬೆಳಗಾವಿಯಿಂದ ಮುಂದಿನ ಒಂದು ಹಗಲಿಗೆ ಹಡಗಿನವರ ಲೆಕ್ಕ ಹಾಕಿದೆವು. ಹಲವು ಜಾಗ ಬೇಡ, ಒಂದೇ ಹೊಳೆ ಸಾಕು. ಆ ಹೊಳೆ ಘಟಪ್ರಭೆ. ಅದು ಸಹ್ಯಾದ್ರಿಯಲ್ಲಿ ಹುಟ್ಟಿ ಮೂಡಣಕ್ಕೆ ಹರಿದು ಕೃಷ್ಣೆಯನ್ನು ಸೇರುತ್ತದೆ. ನಮ್ಮ ನೇತ್ರಾವತಿಯದ್ದೂ ಅದೇ ಸಹ್ಯಾದ್ರಿ, ಆದರೆ ಅವಳು ಇಳಿಯುವುದು ಪಡುಗಡಲಿಗೆ.

ಮೊದಲು ಹುಕ್ಕೇರಿ. ಊರೊಳಗೆ ಆದಿಲ್‌ಶಾಹಿ ಕಾಲದ ಗುಮ್ಮಟಗಳಿವೆ. ಗೋಲ್ ಗುಂಬಜ್ ನೋಡುವ ಮುಂಚೆ ಅದರ ಹಿರಿಯರನ್ನು ಕಂಡ ಹಾಗೆ ಆಯಿತು. ಅದೇ ತಾಲೂಕಿನ ಹಿಡಕಲ್‌ನಲ್ಲಿ ಘಟಪ್ರಭೆಗೆ ಕಟ್ಟಿದ ದೊಡ್ಡ ಅಣೆಕಟ್ಟು. ರಾಜಾ ಲಖಮಗೌಡ ಜಲಾಶಯವೆಂದು ಹೆಸರು. ಹಿಡಿಯುವ ನೀರು ಸುಮಾರು 51 ಟಿಎಂಸಿ. ರಸ್ತೆ ಬದಿ ವ್ಯಾನ್ ನಿಲ್ಲಿಸಿ ದೂರದಿಂದ ನೋಡಿದೆವು. ಅಲ್ಲಿಂದ ಕೆಳಗೆ ಧೂಪದಾಳ. ಬ್ರಿಟಿಷರ ಕಾಲದ ಒಡ್ಡಿನಿಂದ ನಿಂತ ನೀರೇ ಈಗ ಘಟಪ್ರಭಾ ಪಕ್ಷಿಧಾಮ. ಚಳಿಗಾಲದಲ್ಲಿ ದೂರ ದೇಶದ ಕೊಕ್ಕರೆಗಳು ಇಲ್ಲಿಗೆ ಬರುತ್ತವೆ. ನಾವು ಹೋದದ್ದು ಮೊದಲಾಯಿತು, ಒಂದೂ ಕಾಣಲಿಲ್ಲ.

ಲುಹರ್ ಮುಗಿಸಿ, ಕಟ್ಟಿ ತಂದಿದ್ದ ಬುತ್ತಿ ಉಂಡು ಗೋಕಾಕ ಫಾಲ್ಸಿಗೆ ಬಂದೆವು. ನೀರು ಕಾಣುವ ಮೊದಲೇ ಸದ್ದು ಕೇಳುತ್ತದೆ. ಕುದುರೆ ಲಾಳದಂತೆ ಬಾಗಿದ ಬಂಡೆಯ ಅಂಚಿನಿಂದ ಕೆಂಪು ನೀರು ಸುಮಾರು 52 ಮೀಟರ್ ಕೆಳಗೆ ಬೀಳುತ್ತದೆ. ಪಕ್ಕದಲ್ಲಿ 1885ರಲ್ಲಿ ಶುರುವಾದ ನೂಲಿನ ಗಿರಣಿ. ಈ ನೀರಿನ ಬಲವೇ ಅದನ್ನು ನಡೆಸಿತು. ಹೊಳೆಯ ಮೇಲೆ ಉದ್ದದ ತೂಗುಸೇತುವೆ, ದಡದಲ್ಲಿ ಚಾಲುಕ್ಯರ ಕಾಲದ ಗುಡಿ.

ಇಷ್ಟರಲ್ಲಿ ತಂಗಿಯ ಮಗ, ಹದಿನೇಳರ ಹುಡುಗ, ಮೊಬೈಲ್ ಹಿಡಿದು ಬಂಡೆಯಿಂದ ಬಂಡೆಗೆ ಹಾರುತ್ತಾ ಅಂಚಿನ ಕಡೆ ಹೋಗಿಬಿಟ್ಟಿದ್ದ. ನಾನು ಕೂಗಿದ್ದು ನೀರಿನ ಸದ್ದಿನಲ್ಲಿ ಅವನಿಗೆ ಕೇಳಲೇ ಇಲ್ಲ. ಅವನ ಹತ್ತಿರವೇ ಕಡಲೆಕಾಯಿ ಮಾರುತ್ತಿದ್ದ ಅಜ್ಜಿ ಬುಟ್ಟಿ ಬಿಟ್ಟು ಎದ್ದು ಅವನ ಅಂಗಿ ಹಿಡಿದೆಳೆದಳು.

"ಏ ತಮ್ಮಾ, ಅಲ್ಲಿ ಹೋಗಬ್ಯಾಡೋ! ಪಾಚಿ ಐತಿ."

"ಮಳೆ ಇಲ್ಲವಲ್ಲ ಅಜ್ಜಿ, ನೀರು ಬದಿಯಲ್ಲಿ ಕಡಿಮೆಯೇ ಉಂಟಲ್ಲ" ಅಂದ ಅವನು.

"ಮಳಿ ಇಲ್ಲೇ ಆಗಬೇಕಂತೇನೈತಿ? ಮ್ಯಾಲೆ ಡ್ಯಾಮಿನಾಗ ನೀರ ಬಿಟ್ರ ಸಾಕು. ನಿಂಗ ಹೇಳಿ ಬರ್ತೈತೇನು ಅದು?"

ಹುಡುಗ ಸುಮ್ಮನಾದ. ನಾನೂ ಸುಮ್ಮನಾದೆ. ಬೆಳಿಗ್ಗೆ ಆ ಅಣೆಕಟ್ಟಿನ ಎದುರು ನಿಂತು ಟಿಎಂಸಿ ಲೆಕ್ಕ ಹೇಳಿದವನು ನಾನೇ. ಆ ನೀರು ಸಂಜೆಗೆ ಇದೇ ಬಂಡೆಯ ಮೇಲೆ ಬರಬಹುದೆಂದು ಮಕ್ಕಳಿಗೆ ಒಂದು ಮಾತು ಹೇಳಿರಲಿಲ್ಲ. ಕಡಲ ಬದಿಯಲ್ಲಿ ಹುಟ್ಟಿದ ನಾವು ಅಲೆ ನೋಡಿ ಹೆದರುತ್ತೇವೆ. ಆದರೆ ಹೊಳೆಯ ಅಪಾಯ ಕಣ್ಣೆದುರಿನ ಆಕಾಶದಲ್ಲಿ ಇರುವುದಿಲ್ಲ, ಎಷ್ಟೋ ಕಿಲೋಮೀಟರ್ ಆಚೆ ಇರುತ್ತದೆ. ಅದು ಗೊತ್ತಿರುವುದು ಆ ಊರಿನವರಿಗೆ ಮಾತ್ರ.

ಆಮೇಲೆ ಕಟ್ಟೆಯ ಮೇಲೆ ಕೂತು ಒಂದು ಗಂಟೆ ನೀರನ್ನೇ ನೋಡಿದೆವು. ಹುಡುಗ ಅಜ್ಜಿಯ ಬುಟ್ಟಿಯಿಂದ ಎಲ್ಲರಿಗೂ ಕಡಲೆಕಾಯಿ ತಂದ. ದುಡ್ಡು ಅವನದ್ದೇ.

ಗೋಕಾಕ ಪೇಟೆಯಲ್ಲಿ ಉಮ್ಮನಿಗೆ ಕರದಂಟು ಕಟ್ಟಿಸಿದೆವು. ಅಂಟು, ಬೆಲ್ಲ, ಒಣಹಣ್ಣು ಸೇರಿಸಿ ಮಾಡುವ ಅದು ಪ್ರಯಾಣದಲ್ಲಿ ಕೆಡುವುದಿಲ್ಲ. ಚಿಕ್ಕವರಿಗೆ ಹಗುರ ಮರದ ಬಣ್ಣದ ಹಣ್ಣುಗಳು, ಗೋಕಾಕದ ಕುಶಲಕರ್ಮಿಗಳ ಕೈಕೆಲಸ. ಪಟ್ಟಿಯಲ್ಲಿ ಇನ್ನೂ ಒಂದು ಊರು ಉಳಿದಿತ್ತು. ಅದು ಮೂಡಲಗಿ ತಾಲೂಕಿನ ಕುಲಗೋಡ, ಶ್ರೀಕೃಷ್ಣ ಪಾರಿಜಾತದ ತಮ್ಮಣ್ಣನ ಊರು. ಹೊತ್ತು ಇಳಿಯುತ್ತಿತ್ತು. "ದಾರಿಯಲ್ಲೇ ಅಲ್ವಾ, ಇಳಿದು ಹೋಗುವ" ಅಂದರು ಭಾವ. ಬೇಡವೆಂದೆವು. ಕತ್ತಲಲ್ಲಿ ಐದು ನಿಮಿಷ ಇಳಿದು ಫೋಟೊ ಹೊಡೆದರೆ ಊರು ನೋಡಿದ ಹಾಗೆ ಆಗುವುದಿಲ್ಲ. ಅದು ಇನ್ನೊಂದು ಪ್ರಯಾಣಕ್ಕೆ ಇರಲಿ.

ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೊರಡುವವರಿಗೆ ಹೇಳುವುದಿಷ್ಟೇ. ಜಾಗ ಕಡಿಮೆ ಮಾಡಿ. ನೀರಿನ ಬದಿಗೆ ಹೋಗುವ ಮುಂಚೆ ಅಲ್ಲಿ ಅಂಗಡಿ ಇಟ್ಟವರ ಹತ್ತಿರ ಎರಡು ಮಾತು ಕೇಳಿ. ಸಂಜೆ ವ್ಯಾನ್ ಹೊರಡುವಾಗ ತಲೆ ಎಣಿಸಿ. ಅಂದು ನಾವೂ ಎಣಿಸಿದೆವು. ಹನ್ನೊಂದು ಮಂದಿ ಬಂದಿದ್ದೆವು, ಹನ್ನೊಂದು ಮಂದಿಯೂ ಇದ್ದೆವು. ಅಲ್‌ಹಮ್ದುಲಿಲ್ಲಾಹ್.