ಮಂಗಳೂರಿಗೆ ಕನ್ನಡಿಗರ ಋಣ

ನೇತ್ರಾವತಿಯೂ ಗುರುಪುರ ನದಿಯೂ ಕೂಡಿ ಕಡಲನ್ನು ಸೇರುವೆಡೆಯಲ್ಲಿರುವ ಮಂಗಳೂರನ್ನು ಹೊಗಳುವವರು ಸಾಮಾನ್ಯವಾಗಿ ಅದರ ಉದ್ಯಮಶೀಲತೆಯನ್ನೇ ಹೊಗಳುವರು. ಅದು ಯುಕ್ತವೇ ಸರಿ. 1865ರಲ್ಲಿ ಬಾಸೆಲ್ ಮಿಶನ್ನಿನವರು ತೆರೆದ ಹೆಂಚಿನ ಕಾರ್ಖಾನೆಯು ಹೊಳೆದಂಡೆಯ ಜೇಡಿಮಣ್ಣಿಗೆ ದೂರದೇಶಗಳಲ್ಲಿ ಬೆಲೆಯನ್ನು ತಂದಿತು. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಸ್ಥಾಪಿಸಿದ ಸಣ್ಣ ನಿಧಿಯು ಕೆನರಾ ಬ್ಯಾಂಕಾಗಿ ದೇಶವನ್ನೆಲ್ಲ ವ್ಯಾಪಿಸಿತು. 1975ರಲ್ಲಿ ಉದ್ಘಾಟಿತವಾದ ಪಣಂಬೂರಿನ ನವಮಂಗಳೂರು ಬಂದರು ರಾಜ್ಯದ ಏಕೈಕ ಪ್ರಧಾನ ಬಂದರಾಗಿದೆ.

ಆದರೆ ಆ ನಗರಕ್ಕೆ ಕನ್ನಡಿಗರು ಸಲ್ಲಿಸಬೇಕಾದ ಬೇರೊಂದು ಋಣವುಂಟು. ಅಲ್ಲಿಯ ಮನೆಮಾತು ಬಹುಮಟ್ಟಿಗೆ ತುಳು, ಕೊಂಕಣಿ, ಬ್ಯಾರಿ. ಹಾಗಿದ್ದೂ ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು 1843ರಲ್ಲಿ ಹೊರಟುದು ಅಲ್ಲಿಂದ, ಕಿಟ್ಟೆಲರ ಮಹಾನಿಘಂಟು 1894ರಲ್ಲಿ ಅಚ್ಚಾದುದು ಅಲ್ಲಿ. ಆ ಊರಿನಲ್ಲಿ ಅಧ್ಯಾಪಕರಾಗಿದ್ದು, ಕನ್ನಡದ ಮಕ್ಕಳಿಗೆ ಹಾಡುಗಳನ್ನಿತ್ತ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ. ತಮ್ಮ ನುಡಿಯನ್ನು ಬಿಡದೆಯೇ ಆ ಜನರು ಕನ್ನಡವನ್ನು ಬರೆಹದ ಭಾಷೆಯಾಗಿ ಬೆಳೆಸಿದರು. 1956ರಲ್ಲಿ ಏಕೀಕೃತ ರಾಜ್ಯವನ್ನೂ ಸೇರಿದರು.

ಇದಕ್ಕೆ ನಾವು ಮಾಡಿರುವ ಪ್ರತ್ಯುಪಕಾರವೇನು? ಕೊಂಕಣಿಯು 1992ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಯನ್ನು ಸೇರಿತು. ತುಳುವು ಇನ್ನೂ ಹೊರಗೇ ನಿಂತಿದೆ. ತುಳುವಿಗೆ ಮನ್ನಣೆ ದೊರೆತರೆ ಕನ್ನಡಕ್ಕೆ ಕುಂದೆಂದು ಶಂಕಿಸುವವರು ಮಂಗಳೂರಿನ ಚರಿತ್ರೆಯನ್ನು ನೋಡಲಿ. ಎರಡು ನುಡಿಗಳೂ ಅಲ್ಲಿ ಒಂದೇ ಮನೆಯಲ್ಲಿ ಬಾಳಿವೆ. ಆ ಮನ್ನಣೆಯನ್ನು ತುಳುವರಿಗಿಂತ ಮೊದಲು ಕನ್ನಡಿಗರೇ ಕೇಳತಕ್ಕುದೆಂಬುದು ನಮ್ಮ ದೃಢವಾದ ಅಭಿಪ್ರಾಯ. ಬರಿಯ ಹೊಗಳಿಕೆಯಿಂದ ಯಾವ ಋಣವೂ ತೀರದು.