ಗ್ಲೌಸ್ ಒಂದೇ ಸಾಲದು

ಯೂನಿವರ್ಸಿಟಿ ಜಿಮ್‌ನಲ್ಲಿ ಬಾಕ್ಸಿಂಗ್ ಶುರುಮಾಡಿದ ಮೂರನೇ ವಾರ, ಬ್ಯಾಗಿಗೆ ಗುದ್ದುವಾಗ ನನ್ನ ಬಲಗೈ ಮಣಿಕಟ್ಟು ಮಡಚಿಕೊಳ್ತು. ಥೀಸಿಸ್ ಸಮಯದಲ್ಲಿ ಎರಡು ವಾರ ಎಡಗೈ ಟೈಪಿಂಗ್! ತಪ್ಪು ನನ್ನದೇ, ಗ್ಲೌಸ್ ಒಳಗೆ ಪಟ್ಟಿ ಸುತ್ತಿರಲಿಲ್ಲ.

ಗ್ಲೌಸ್ ಹೊಡೆತದ ರಭಸ ತಗ್ಗಿಸುತ್ತೆ. ಮಣಿಕಟ್ಟನ್ನೂ ಅಂಗೈಯ ಮೂಳೆಗಳನ್ನೂ ಒಟ್ಟಾಗಿ ಹಿಡಿದಿಡೋದು ಹ್ಯಾಂಡ್ ರ‍್ಯಾಪ್. ಸುಮಾರು 4.5 ಮೀಟರ್ ಉದ್ದದ್ದು ಕೊಳ್ಳಿ. ಬೆರಳು ಅಗಲಿಸಿ, ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣುಗಳ ಮೇಲೆ ಮೂರು ಸುತ್ತು ಹಾಕಿ, ಹೆಬ್ಬೆರಳನ್ನೂ ಬಳಸಿ ಮತ್ತೆ ಮಣಿಕಟ್ಟಿಗೆ ತನ್ನಿ. ಬೆರಳು ಜೋಮು ಹಿಡಿದರೆ ಬಿಗಿ ಜಾಸ್ತಿಯಾಗಿದೆ ಅಂತ ಅರ್ಥ.

ಗುದ್ದುವಾಗ ಮುಂಗೈ, ಮಣಿಕಟ್ಟು ಒಂದೇ ಗೆರೆಯಲ್ಲಿರಲಿ. ತೋರುಬೆರಳು, ನಡುಬೆರಳಿನ ಗೆಣ್ಣುಗಳು ತಾಗಲಿ. ಕಿರುಬೆರಳಿನ ಕಡೆ ತಾಗಿದರೆ ಅದರ ಬುಡದ ಮೂಳೆ ಮುರಿಯಬಹುದು. ಅದಕ್ಕೆ ‘ಬಾಕ್ಸರ್ಸ್ ಫ್ರ್ಯಾಕ್ಚರ್’ ಅಂತಲೇ ಹೆಸರು.

ಹೆಬ್ಬೆರಳ ಬುಡದಲ್ಲಿ ನೋವು ಉಳಿದರೆ ಡಾಕ್ಟರಿಗೆ ತೋರಿಸಿ. ಅಲ್ಲಿನ ಸ್ಕ್ಯಾಫಾಯ್ಡ್ ಮೂಳೆಯ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಅರಿಶಿನದ ಪಟ್ಟು ಹಾಕಿ ಸುಮ್ಮನಿರಬೇಡಿ.