ತಳಿ ಸಿದ್ಧವಾದ ಮೇಲಲ್ಲ, ಮೊದಲೇ ಕೇಳಿ

ತುಂಗಭದ್ರೆ ದಂಡೆಯ ಕುಮಾರಪಟ್ಟಣ ದಾಟಿ ರಾಣೆಬೆನ್ನೂರಿನ ಕಡೆ ಬಂದರೆ ಹೈಬ್ರಿಡ್ ಬೀಜ ಬೆಳೆಯುವ ಸೀಮೆ. ಹೆಣ್ಣು ಸಾಲಿನ ಮೊಗ್ಗು ಬಿಡಿಸಿ ಕೇಸರ ಕಿತ್ತು, ಗಂಡು ಸಾಲಿನ ಪರಾಗ ಮುಟ್ಟಿಸುವ ‘ಕ್ರಾಸಿಂಗ್’ ಇಲ್ಲಿನ ಹೆಣ್ಣುಮಕ್ಕಳಿಗೆ ಕರಗತ. ಆದರೆ ಎಂಥ ತಳಿ ಬೇಕು ಎಂದು ಅವರನ್ನು ಕೇಳುವವರಿಲ್ಲ.

ಪಕ್ಕದ ಬ್ಯಾಡಗಿಯನ್ನು ನೋಡಿ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬ್ಯಾಡಗಿ ಮೆಣಸಿನಕಾಯಿ ಯಾವ ಪ್ರಯೋಗಾಲಯದ ಕೂಸೂ ಅಲ್ಲ. ಗಾಢ ಬಣ್ಣ, ಕಡಿಮೆ ಖಾರ, ಸುಕ್ಕುಗಟ್ಟಿದ ಸಿಪ್ಪೆ: ಇವನ್ನೆಲ್ಲ ಉಳಿಸಿದ್ದು ಒಳ್ಳೆಯ ಗಿಡ ಗುರುತಿಟ್ಟು, ಹಣ್ಣು ಆರಿಸಿ ಬೀಜ ಎತ್ತಿಟ್ಟ ರೈತರು. ಮೆಣಸಿನ ಗಿಡದಲ್ಲಿ ಅಕ್ಕಪಕ್ಕದ ಹೊಲದ ಪರಾಗವೂ ಬಂದು ಬೆರೆಯುತ್ತದೆ. ಕಣ್ಣಿಟ್ಟು ಆರಿಸದಿದ್ದರೆ ಬ್ಯಾಡಗಿಯ ಎರಡು ಬಗೆಗಳಾದ ಡಬ್ಬಿಯೂ ಕಡ್ಡಿಯೂ ಎಂದೋ ಕಲಬೆರಕೆಯಾಗುತ್ತಿದ್ದವು. ಇದು ತಳಿ ಅಭಿವೃದ್ಧಿಯಲ್ಲದೆ ಇನ್ನೇನು?

ರೈತರನ್ನು ಈ ಕೆಲಸಕ್ಕೆ ಸೇರಿಸಿಕೊಳ್ಳಲು ವಿಜ್ಞಾನಿಗಳು ಹಿಂಜರಿಯುವುದಕ್ಕೂ ಕಾರಣಗಳಿವೆ. ತಳಿ ಬಿಡುಗಡೆಯಾಗಲು ಹಲವು ಕೇಂದ್ರಗಳ ಪ್ರಯೋಗದಲ್ಲಿ ಗೆಲ್ಲಬೇಕು. ರೈತರ ಹೊಲದ ಮಣ್ಣು, ನೀರು, ಗೊಬ್ಬರದ ಏರುಪೇರಿನಲ್ಲಿ ಅಂಕಿಅಂಶ ಕೆಡುತ್ತದೆಂಬ ಅಂಜಿಕೆ ಅವರದು. ಹಾಗಾಗಿ ರೈತರಿಗೆ ಕರೆ ಬರುವುದು ತಳಿ ಸಿದ್ಧವಾದ ಮೇಲೆ, ಕ್ಷೇತ್ರೋತ್ಸವದ ಶಾಮಿಯಾನಕ್ಕೆ. ನನ್ನ ತಕರಾರು ಇಲ್ಲೇ. ಮಳೆ ನಂಬಿದ ಹೊಲದಲ್ಲಿ ಬೆಳೆಯಬೇಕಾದ್ದನ್ನು ನೀರು, ಗೊಬ್ಬರ ಕಂಡ ತಾಕಿನಲ್ಲಷ್ಟೇ ಆರಿಸಿದರೆ ಕೆಡುವುದು ರೈತನ ಲೆಕ್ಕ. ಇಳುವರಿಯ ಜೊತೆಗೆ ಮೇವು, ರುಚಿ, ಮಾರುಕಟ್ಟೆಗೆ ಬೇಕಾದ ಬಣ್ಣವನ್ನೂ ಅವನು ತೂಗಿ ನೋಡುತ್ತಾನೆ.

ಸಿರಿಯಾದಲ್ಲಿ ತಳಿವಿಜ್ಞಾನಿ ಸಾಲ್ವತೋರೆ ಚೆಕರೆಲ್ಲಿ ಅವರು ಬಾರ್ಲಿಯ ಆರಂಭದ ಪೀಳಿಗೆಗಳನ್ನೇ ರೈತರ ಹೊಲಕ್ಕೆ ಒಯ್ದರು. ಅಲ್ಲಿ ರೈತರ ಆಯ್ಕೆ ವಿಜ್ಞಾನಿಗಳ ಆಯ್ಕೆಗೆ ಸರಿಸಾಟಿಯಾಗಿತ್ತು. ನಮ್ಮಲ್ಲೂ ದಾರಿ ಇದೆ. 1970ರ ದಶಕದಲ್ಲಿ ‘ವರಲಕ್ಷ್ಮಿ’ ಹೈಬ್ರಿಡ್ ಹತ್ತಿ ಕೊಟ್ಟ ನೆಲ ಧಾರವಾಡ. ಬಿಟಿಯೇತರ ಹತ್ತಿ ಬೀಜ ಕಣ್ಮರೆಯಾಗುತ್ತಿದೆ ಎಂಬ ಆತಂಕದಿಂದ ಅಲ್ಲಿನ ಕೃಷಿ ವಿಶ್ವವಿದ್ಯಾಲಯದಲ್ಲಿ 2011ರಲ್ಲಿ ಕಾರ್ಯಾಗಾರ ನಡೆದು ‘ಧಾರವಾಡ ಘೋಷಣೆ’ ಹೊರಬಿತ್ತು. ಬಳಿಕ ಸಾವಯವ ರೈತರ ಜೊತೆ ಸೇರಿ ಹತ್ತಿ ತಳಿ ಆರಿಸುವ ಕೆಲಸಕ್ಕೂ ವಿಶ್ವವಿದ್ಯಾಲಯ ಕೈಹಾಕಿತು.

ಕಾನೂನು ಇನ್ನೂ ಮುಂದಿದೆ. ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕಾಯ್ದೆಯ 39ನೇ ಕಲಮು, ಹೊಸ ತಳಿ ರೂಪಿಸಿದ ರೈತನಿಗೆ ತಳಿವಿಜ್ಞಾನಿಯಂತೆಯೇ ನೋಂದಣಿಯ ಹಕ್ಕು ಕೊಟ್ಟಿದೆ.

ಇದೇ ಸೀಮೆಯ ಹನುಮನಮಟ್ಟಿ, ದೇವಿಹೊಸೂರಿನ ಸಂಶೋಧನಾ ಕೇಂದ್ರಗಳಲ್ಲಿ ನನ್ನದೊಂದು ವಿನಂತಿ: ಮುಂದಿನ ಮುಂಗಾರಿನ ಪ್ರಯೋಗಗಳನ್ನು ಗೊತ್ತುಮಾಡುವ ಮೊದಲ ಸಭೆಗೇ ಬೀಜ ಉಳಿಸಿಕೊಂಡ ರೈತರನ್ನು ಕರೆಯಿರಿ. ಅವರ ಆ ದಿನದ ದುಡಿಮೆಗೆ ಸಂಭಾವನೆಯನ್ನೂ ಕೊಡಿ.